ಹಿಡಿ ತೌಡಿಗೆ ಕೊಂಡ ಕೂಸು

ಮೊನ್ನೆ ಮೊಮ್ಮಗಳ ಮಗುವಿಗೆ ನೀರು ಹಾಕಿದ ಮೇಲೆ ಯಾರೋ ಸಾಣೆಕಲ್ಲಿನಲ್ಲಿ ಬಜೆ ತೇಯುತ್ತಿದ್ದರು. ಬಜೆಯ ವಾಸನೆ ಗೊತ್ತಲ್ಲ, ಘಾಟು, ಸ್ವಲ್ಪ ಕಹಿ, ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಹಿಂದೂಪುರದ ಈ ಮನೆಯ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವಳು ಇದ್ದಕ್ಕಿದ್ದಂತೆ ಬೆವೆತುಬಿಟ್ಟೆ. ಸೊಸೆ ಓಡಿ ಬಂದು ಬಿ.ಪಿ. ಮಾತ್ರೆ ತಗೊಂಡ್ರಾ ಅಂತ ಕೇಳಿದಳು. ತಗೊಂಡಿದ್ದೆ. ಇದು ಮಾತ್ರೆಗೆ ಹೋಗುವ ಬೆವರಲ್ಲ. ಅರವತ್ತು ವರ್ಷಗಳ ಹಿಂದೆ ಕಲ್ಯಾಣದುರ್ಗದ ನನ್ನ ತವರಿನಲ್ಲಿ ಇದೇ ವಾಸನೆ ತುಂಬಿತ್ತು, ಮತ್ತು ಒಬ್ಬ ಹೆಂಗಸು ಆಗತಾನೆ ಹುಟ್ಟಿದ ನನ್ನ ಮಗುವನ್ನು ಎತ್ತಿಕೊಂಡು ಹೊಸಿಲು ದಾಟಿದ್ದರು...

ಅವರನ್ನು ಊರೆಲ್ಲ ಟೀಚರಮ್ಮ ಅನ್ನುತ್ತಿತ್ತು. ನಮ್ಮ ಬೀದಿಯ ಕೊನೆಯಲ್ಲಿದ್ದ ಹೆಣ್ಣುಮಕ್ಕಳ ಸ್ಕೂಲಿಗೆ ಅವರೇ ಟೀಚರು. ನಮ್ಮ ಮನೆಗೆ ಎದುರಾಗಿ ಒಂದು ಒಂಟಿ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಮದುವೆ ಆಗಿಯೇ ಇರಲಿಲ್ಲವೋ, ಆಗಿ ಗಂಡ ಹೋಗಿದ್ದನೋ, ಯಾರಿಗೂ ಸರಿಯಾಗಿ ತಿಳಿಯದು. ಕೇಳುವ ಧೈರ್ಯ ನಮ್ಮಮ್ಮನಿಗೂ ಇರಲಿಲ್ಲ ಅಂದರೆ ನೀವೇ ಯೋಚನೆ ಮಾಡಿ. ನಮ್ಮಮ್ಮ ದೇವರನ್ನೂ ಅಡ್ಡಪ್ರಶ್ನೆ ಕೇಳುವವಳು.

ಟೀಚರಮ್ಮನಿಗೆ ಒಂದು ಹುಚ್ಚಿತ್ತು. ದಿನಾ ಬೆಳಿಗ್ಗೆ ಸ್ಕೂಲಿನ ಜಗಲಿಯಲ್ಲಿದ್ದ ಕರಿಹಲಗೆಯ ಮೇಲೆ ತಾರೀಖು ಬರೆದು, ಅದರ ಕೆಳಗೆ ಹಿಂದೆ ಯಾವ್ಯಾವುದೋ ವರ್ಷಗಳಲ್ಲಿ ಅದೇ ತಾರೀಖಿಗೆ ಏನಾಯಿತು, ಯಾರು ಹುಟ್ಟಿದರು ಅಂತ ಬರೆಯುವರು. ಮೇಲೆ ತೆಲುಗು, ಕೆಳಗೆ ಕನ್ನಡ. ಪೇಪರಿನಿಂದಲೋ, ಹಳೆಯ ಪುಸ್ತಕಗಳಿಂದಲೋ, ಎಲ್ಲಿಂದ ಹುಡುಕುತ್ತಿದ್ದರೋ ಕಾಣೆ. ಒಂದು ಯುದ್ಧದ ಪಕ್ಕದಲ್ಲೇ ಒಬ್ಬ ಸಂಗೀತಗಾರನ ಜನನ ಇರುತ್ತಿತ್ತು, ಒಂದು ಭೂಕಂಪದ ಕೆಳಗೆ ಯಾವುದೋ ದೇಶದ ಸ್ವಾತಂತ್ರ್ಯ. ನಾವು ಅದನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು, ತಪ್ಪಿದರೆ ಕಿವಿ ಕೆಂಪಾಗುತ್ತಿತ್ತು. ನಾನು ಹಾಗೆ ಕಿವಿ ಕೆಂಪು ಮಾಡಿಸಿಕೊಂಡೇ ಓದು ಮುಗಿಸಿ, ಹಿಂದೂಪುರದ ಬೆಲ್ಲದ ಮಂಡಿಯವರ ಮನೆಗೆ ಸೊಸೆಯಾಗಿ ಬಂದೆ.

ಚೊಚ್ಚಲ ಬಸಿರು. ಹೆರಿಗೆಗೆ ತವರಿಗೆ ಬಂದ ಹೊತ್ತಿಗೆ ಊರೂರಲ್ಲಿ ಒಂದೇ ಮಾತು, ಅಷ್ಟಗ್ರಹ ಕೂಟ. ಅರವತ್ತೆರಡನೇ ಇಸವಿ ಫೆಬ್ರವರಿಯ ಮೊದಲ ವಾರ ಮೂರು ದಿನ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಒಟ್ಟಿಗೆ ಸೇರುತ್ತವೆ, ಪ್ರಳಯವೇ ಆಗುತ್ತದೆ ಅಂತ. ಗುಡಿಗುಡಿಯಲ್ಲಿ ಹೋಮ, ಭಜನೆ. ಕುಂದುರ್ಪಿ ಕಡೆಯ ಒಬ್ಬನಂತೂ ಪ್ರಳಯ ಆದ ಮೇಲೆ ಕುರಿ ಇಟ್ಟುಕೊಂಡು ಏನು ಮಾಡಲಿ ಅಂತ ಮಂದೆಯನ್ನೇ ಕೊಯ್ದು ನೆಂಟರಿಗೆಲ್ಲ ಊಟ ಹಾಕಿದನಂತೆ. ಈಗ ನಗು ಬರುತ್ತದೆ. ಆಗ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ, ಯಾಕೆಂದರೆ ಸೂಲಗಿತ್ತಿ ನನ್ನ ಹೊಟ್ಟೆ ಮುಟ್ಟಿ ನೋಡಿ ಹೇಳಿದ ದಿನಗಳೂ ಅವೇ ಆಗಿದ್ದವು.

ಜನವರಿಯ ಕೊನೆಯಲ್ಲಿ ನನ್ನ ಗಂಡ ಪೆನುಕೊಂಡದಲ್ಲಿ ಬಸ್ಸು ಬದಲಿಸಿ ನೋಡಲು ಬಂದರು. ಮುಖ ಬಾಡಿತ್ತು. ಅತ್ತೆ ಯಾವುದೋ ಜೋಯಿಸರನ್ನು ಕೇಳಿದ್ದರು. ಆ ಮೂರು ದಿನಗಳಲ್ಲಿ ಹುಟ್ಟುವ ಕೂಸು ತಂದೆಯ ಮನೆಯನ್ನು ಸುಡುತ್ತದೆ ಅಂತ ಅವರು ಹೇಳಿದ್ದರಂತೆ.

"ಆ ದಿನಗಳಾಗೇ ಆದ್ರೆ ಮಗೂನ ಕರ್ಕಂಡು ಬರಬ್ಯಾಡ ಅಂತಾಳೆ ಅಮ್ಮ" ಅಂದರು, ನನ್ನ ಕಡೆ ನೋಡದೆ. ನೀವೇನಂತೀರಿ ಅಂತ ಕೇಳಿದೆ. ಅವರು ಟವೆಲ್ಲಿನ ಅಂಚನ್ನು ಸುತ್ತುತ್ತಾ ಕೂತರು. ಒಳ್ಳೆಯ ಮನುಷ್ಯ, ಆದರೆ ತಾಯಿಯ ಮುಂದೆ ನಾಲಿಗೆ ಏಳುತ್ತಿರಲಿಲ್ಲ.

ಅಲ್ಲಿಂದ ನನಗೆ ನಿದ್ದೆ ಬಾರದಾಯಿತು. ಹೊಟ್ಟೆಯೊಳಗೆ ಕೂಸು ಮಿಸುಕಿದರೆ ಸಾಕು, ಎದ್ದು ಕೂತು ದಿನ ಎಣಿಸುತ್ತಿದ್ದೆ. ಅಮ್ಮ ನನ್ನನ್ನು ಎದ್ದು ಓಡಾಡಲು ಬಿಡಲಿಲ್ಲ, ಮಲಗಿದರೆ ನೋವು ತಡವಾಗಿ ಬರುತ್ತದೆ ಅಂತ ಅವಳ ಲೆಕ್ಕ. ಒಂದು ಮಧ್ಯಾಹ್ನ ಅವಳ ಕಣ್ಣು ತಪ್ಪಿಸಿ ಎದುರಿನ ಕೋಣೆಗೆ ಹೋಗಿ, ಫೆಬ್ರವರಿ ನಾಲ್ಕರಂದು ಹಿಂದೆ ಏನೇನಾಗಿದೆ ಹೇಳಿ ಟೀಚರಮ್ಮ ಅಂತ ಕೇಳಿದೆ. ಆ ಮೂರು ದಿನಗಳಲ್ಲಿ ನಡುವಿನದು ಅದು. ಅವರು ಕಣ್ಣು ಮುಚ್ಚಿ ಒಪ್ಪಿಸಿದರು. ಒಂದು ವರ್ಷ ಆ ದಿನ ಉತ್ತರದ ಕಡೆ ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟರು, ಒಳಗಿದ್ದವರು ಬೆಂದುಹೋದರು. ಇನ್ನೊಂದು ವರ್ಷ ಅದೇ ದಿನ ಸಿಂಹಳಕ್ಕೆ ಸ್ವಾತಂತ್ರ್ಯ ಬಂತು. ಅದೇ ದಿನ ಹುಟ್ಟಿದ ಒಬ್ಬ ದೊಡ್ಡವನಾಗಿ ಒಬ್ಬನೇ ವಿಮಾನದಲ್ಲಿ ಸಮುದ್ರ ದಾಟಿದ. ಅವರು ಧೈರ್ಯ ತುಂಬಲೆಂದೇ ಎಲ್ಲ ಹೇಳಿದ್ದು. ನನ್ನ ಕಿವಿಗೆ ಬಿದ್ದದ್ದು ಬೆಂಕಿ ಒಂದೇ. ಗೋಡೆ ಹಿಡಿದುಕೊಂಡು ಮನೆಗೆ ಬಂದೆ.

ಆ ಭಾನುವಾರ ನಾಲ್ಕನೇ ತಾರೀಖು ಬೆಳಕು ಹರಿಯುತ್ತಲೇ ನೋವು ಶುರುವಾಯಿತು. ಬಸ್ಸುಗಳು ಓಡುತ್ತಿರಲಿಲ್ಲ, ಬೀದಿಯಲ್ಲಿ ನರಪಿಳ್ಳೆ ಇಲ್ಲ, ಗುಡಿಯ ಕಡೆಯಿಂದ ಭಜನೆ ಮಾತ್ರ ಕೇಳುತ್ತಿತ್ತು. ಅಪ್ಪ ಹೋಗಿ ಸೂಲಗಿತ್ತಿಯನ್ನು ಭಜನೆಯಿಂದ ಎಬ್ಬಿಸಿಕೊಂಡು ಬಂದರು. ಅವಳು ತನ್ನ ಕೆಲಸ ಮಾಡಿ, ಹೆಣ್ಣುಕೂಸು ಅಂತ ಹೇಳಿ, ಎಲೆ ಅಡಿಕೆ ಕೂಡ ಮುಟ್ಟದೆ ಹೊರಟುಹೋದಳು. ಕೂಸಿನ ಅಳು ಗಟ್ಟಿಯಾಗಿತ್ತು. ನನಗೆ ಅದರ ಮುಖ ನೋಡಲು ಭಯ.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಕೆಟ್ಟ ಗಳಿಗೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಬೇರೆಯವರಿಗೆ ಕೊಟ್ಟುಬಿಡುವುದು. ಅವರು ಒಂದು ಹಿಡಿ ತೌಡು ಕೊಟ್ಟು ಕೊಳ್ಳಬೇಕು. ಆಮೇಲೆ ಬೇರೆಯವರ ಮಗುವನ್ನು ಸಾಕಲು ತಂದ ಹಾಗೆ ಅವರಿಂದ ವಾಪಸು ಪಡೆಯುವುದು. ಕೂಸು ಈ ಮನೆಯದಲ್ಲ ಅಂತ ದೋಷ ಮೋಸಹೋಗುತ್ತದೆ. ಬೇರೆ ದಿನಗಳಲ್ಲಾದರೆ ನೆರೆಹೊರೆಯ ಹೆಂಗಸರು ನಗುತ್ತಾ ಮಾಡುವ ಕೆಲಸ ಇದು, ಎತ್ತಿಕೊಂಡು ಅಲ್ಲೇ ಹಿಂದಕ್ಕೆ ಕೊಡುವರು. ಅವತ್ತು ಅಮ್ಮ ಬಾಗಿಲು ಬಾಗಿಲಿಗೆ ಹೋಗಿ ಕರೆದಳು. ಒಬ್ಬರೂ ಬರಲಿಲ್ಲ. ಪ್ರಳಯದ ದಿನ ಹುಟ್ಟಿದ ಕೂಸನ್ನು ಒಂದು ಗಳಿಗೆಯಾದರೂ ತನ್ನದು ಅನ್ನಲು ಯಾರಿಗೆ ಧೈರ್ಯ ಬರುತ್ತದೆ? ನನ್ನ ಸ್ವಂತ ಚಿಕ್ಕಮ್ಮನೇ ಒಳಗಿನಿಂದ ಚಿಲಕ ಹಾಕಿಕೊಂಡಳಂತೆ.

ಟೀಚರಮ್ಮ ಕರೆಯದೆ ಬಂದರು. ಇಂಥದ್ದನ್ನೆಲ್ಲ ಗೊಡ್ಡು ಅಂತ ಬೈಯುತ್ತಿದ್ದವರು ಸೆರಗಿನಲ್ಲಿ ತೌಡು ಕಟ್ಟಿಕೊಂಡು ಬಂದು, ಮೊರದ ಅಂಚಿಗೆ ಸುರಿದು, ಕೂಸನ್ನು ಎತ್ತಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಅಮ್ಮ ಕೆಳಗಿನಿಂದ ಆಸರೆ ಕೊಡಬೇಕಾಯಿತು. ನಿಮಗೂ ಭಯವೇ ಅಂತ ನಾನು ಕೇಳಿದೆ.

"ಭಯ ಐತೆ ಕಣಮ್ಮ. ಭಯ ಐತೆ ಅಂತ ಮಗೂನ ಮೊರದಾಗೆ ಬಿಡಾಕಾಯ್ತದಾ?"

ಈಗ ವಾಪಸು ಕೊಡುತ್ತಾರೆ ಅಂತ ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಎದೆಗೆ ಅವುಚಿಕೊಂಡು ಬಾಗಿಲ ಕಡೆ ತಿರುಗಿದರು. ಅಮ್ಮ ಅಡ್ಡ ನಿಂತಳು. ಕೊಂಡವಳು ನಾನು, ಇನ್ನು ಇದು ನನ್ನ ಮಗು ಅಂದರು. ಇಲ್ಲೇ ಕೊಟ್ಟುಬಿಟ್ಟರೆ ಇದು ತವರುಮನೆಯಲ್ಲೇ ಉಳಿಯುತ್ತದೆ, ಇದಕ್ಕೆ ಅಪ್ಪ ಇಲ್ಲದ ಹಾಗಾಗುತ್ತದೆ ಅಂತಲೂ ಅಂದರು.

"ಹಿಂದೂಪುರದೋರು ಬಂದು ಸೆರಗೊಡ್ಡಿ ಕೇಳ್ಲಿ, ಕೊಡ್ತೀನಿ."

ಅವರು ಹೊಸಿಲು ದಾಟಿದಾಗ ನಾನು ಕೂಗಿಕೊಂಡೆ. ಪ್ರಳಯ ಆಗುವುದಿದ್ದರೆ ಆ ಕ್ಷಣವೇ ಆಗಲಿ ಅನ್ನಿಸಿತು.

ಪ್ರಳಯ ಆಗಲಿಲ್ಲ. ಸೋಮವಾರ ಹೊತ್ತು ಹುಟ್ಟಿತು, ಹಾಲಿನವಳು ಬಂದಳು. ಟೀಚರಮ್ಮ ಹಲಗೆಯ ಮೇಲೆ ಭಾನುವಾರ ಬರೆಯದೆ ಬಿಟ್ಟಿದ್ದ ನಾಲ್ಕನೇ ತಾರೀಖನ್ನೇ ಹಾಕಿ, ಅದರ ಕೆಳಗೆ ಬೆಂಕಿ, ಸಿಂಹಳ, ವಿಮಾನ ಎಲ್ಲ ಬರೆದು, ಕೊನೆಗೆ ಇದೇ ಬೀದಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು ಅಂತ ಸೇರಿಸಿದ್ದರಂತೆ. ಅಮ್ಮ ಓಡಿಹೋಗಿ, ಬರೆದರೆ ದೋಷ ಅಂಟಿಕೊಳ್ಳುತ್ತದೆ, ಒರೆಸಿಬಿಡಿ ಅಂತ ಅತ್ತಳು. ಒರೆಸಿದರಂತೆ. ಒರೆಸಿದ್ರೆ ಹುಟ್ಟಿದ್ದು ಹೋಯ್ತದೇನಮ್ಮ ಅಂತ ಮಾತ್ರ ಕೇಳಿದರಂತೆ.

ಮುಂದಿನ ದಿನಗಳನ್ನು ಹೇಗೆ ಹೇಳಲಿ... ಕೂಸು ಅತ್ತಾಗಲೆಲ್ಲ ಬೀದಿ ದಾಟಿಸಿ ತಂದು ನನ್ನ ಮಡಿಲಿಗೆ ಹಾಕುವರು. ಹಾಲು ಕುಡಿದು ಮುಗಿಸಿದ ಮೇಲೆ ಎತ್ತಿಕೊಂಡು ಹೋಗುವರು. ಮೊದಮೊದಲು ಕೂಸನ್ನು ಹಿಡಿಯಲು ಬಾರದವರು ವಾರದೊಳಗೆ ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಳ್ಳುವಷ್ಟಾದರು. ಅದಕ್ಕೊಂದು ಮುದ್ದಿನ ಹೆಸರಿಟ್ಟು ಮೆಲ್ಲಗೆ ಕರೆಯುವುದೂ ನನಗೆ ಕೇಳಿಸುತ್ತಿತ್ತು. ಗ್ರಹಗಳ ಭಯ ಹೋಗಿ ಈಗ ಬೇರೆ ಭಯ ಹಿಡಿಯಿತು. ಇವರು ಕೊಡುವುದಿಲ್ಲ. ಒಂಟಿ ಹೆಂಗಸು, ಹಿಂದುಮುಂದು ಯಾರೂ ಇಲ್ಲ, ಪದ್ಧತಿಯೂ ಅವರ ಕಡೆಗೇ ಇದೆ. ಬಾಣಂತಿ ಕೋಣೆಯ ಕಿಟಕಿಯಿಂದ ಅವರ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದೆ.

ಕೂಸು ಪರರ ಮನೆಯಲ್ಲಿದೆ ಅನ್ನುವ ಸುದ್ದಿ ಹಿಂದೂಪುರ ಮುಟ್ಟಿತು. ಮಂಡಿಯವರ ಮನೆಯ ಮಗುವನ್ನು ತೌಡಿಗೆ ಕೊಂಡು ಯಾರೋ ಸಾಕುತ್ತಿದ್ದಾರೆ ಅಂತ ಪೇಟೆಯಲ್ಲಿ ಜನ ಆಡಿಕೊಂಡರು. ಗ್ರಹಕ್ಕೆ ಹೆದರಿದ ಅತ್ತೆ ಪೇಟೆಯ ಬಾಯಿಗೆ ಇನ್ನೂ ಹೆಚ್ಚು ಹೆದರುವವರು. ಮಗನನ್ನು ಕರೆದುಕೊಂಡು ಬಂದೇಬಿಟ್ಟರು. ಎದುರು ಬಾಗಿಲಲ್ಲಿ ನಿಂತು, ಬೀದಿಯೆಲ್ಲ ನೋಡುತ್ತಿದ್ದ ಹಾಗೇ ಸೆರಗು ಒಡ್ಡಿದರು.

"ಮಾ ಬಿಡ್ಡನಿ ಮಾಕಿಚ್ಚೇಯಮ್ಮಾ" ಅಂದರು. ನಮ್ಮ ಮಗುವನ್ನು ನಮಗೆ ಕೊಡು ಅಂತ.

ನಮ್ಮ ಮಗು ಅನ್ನುವುದನ್ನು ಟೀಚರಮ್ಮ ಮತ್ತೊಮ್ಮೆ ಹೇಳಿಸಿದರು. ಆಮೇಲೆ ಕೂಸನ್ನು ಸೆರಗಿನಲ್ಲಿ ಹಾಕಿದರು. ಹಾಕಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಅವತ್ತು ಸಂಜೆ ದೀಪ ಹಚ್ಚಲಿಲ್ಲ, ಮರುದಿನ ಹಲಗೆಯ ಮೇಲೆ ತಾರೀಖನ್ನೂ ಬರೆಯಲಿಲ್ಲ.

ಬಾಣಂತನ ಮುಗಿಸಿ ನಾನು ಕೂಸಿನ ಜೊತೆ ಹಿಂದೂಪುರಕ್ಕೆ ಬಂದೆ. ಆ ವರ್ಷ ಮಳೆ ಹಿಡಿದಾಗ ಟೀಚರಮ್ಮನಿಗೆ ಜ್ವರ ಬಂತು. ಅನಂತಪುರದ ಆಸ್ಪತ್ರೆಗೆ ಸೇರಿಸಿದರು, ಅಲ್ಲಿಂದ ತಿರುಗಿ ಬರಲಿಲ್ಲ. ಅಪ್ಪ ಬಂದು ಸುದ್ದಿ ಹೇಳಿದಾಗ ಅತ್ತೆ ಕೈ ಮುಗಿದು ದೀಪ ಹಚ್ಚಿದರು. ಕೂಸಿನ ದೋಷ ಕೊಂಡವಳಿಗೇ ಹೋಯಿತು, ನಮ್ಮ ಮನೆ ಉಳಿಯಿತು ಅಂದರು. ಕೇಡು ಬಯಸಿ ಅಂದದ್ದಲ್ಲ, ನಿಜವಾಗಿಯೂ ಕೃತಜ್ಞತೆಯಿಂದ ಅಂದದ್ದು. ನಾನು ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ.

ಕಲ್ಯಾಣದುರ್ಗದ ಆ ಹಲಗೆಯ ಮೇಲೆ ಆಮೇಲೆ ಬಂದವರು ಹಾಜರಿ ಮಾತ್ರ ಬರೆದರು. ಮಗಳು ಅರವತ್ತು ದಾಟಿ, ತಾನೇ ಟೀಚರಾಗಿ, ನಿವೃತ್ತಿಯೂ ಆಗಿದ್ದಾಳೆ. ಅವಳ ಹುಟ್ಟಿದಹಬ್ಬಕ್ಕೆ ಮೊಮ್ಮಕ್ಕಳು ಕೇಕು ತರುತ್ತಾರೆ. ಅವತ್ತೆಲ್ಲ ಅತ್ತೆ ಕೈ ಮುಗಿದು ದೀಪ ಹಚ್ಚಿದ್ದೇ ನನಗೆ ನೆನಪಾಗುತ್ತದೆ. ಅತ್ತೆಯ ಮಾತು ಸುಳ್ಳು ಅಂತ ನನಗೆ ಗೊತ್ತು, ಟೀಚರಮ್ಮ ಕಲಿಸಿದ ಬುದ್ಧಿಯೇ ಅದನ್ನು ಹೇಳುತ್ತದೆ. ಸುಳ್ಳಾದರೆ ಅವರು ಸುಮ್ಮನೆ ಒಂದು ಜ್ವರಕ್ಕೆ, ಯಾರೂ ಪಕ್ಕದಲ್ಲಿಲ್ಲದೆ ಸತ್ತರು. ನಿಜವಾದರೆ ನನ್ನ ಮಗಳ ದೋಷವನ್ನು ಕೈ ನಡುಗಿಸಿಕೊಂಡು ಎತ್ತಿಕೊಂಡು ಹೋದರು. ಯಾವುದನ್ನು ನಂಬಲೂ ನನಗೆ ಧೈರ್ಯ ಇಲ್ಲ. ಯಾವುದು ನಿಜ ಅಂತ ಕೇಳೋಣವೆಂದರೆ ತವರಿನ ಎದುರಿನ ಆ ಕೋಣೆಯಲ್ಲಿ ಅವರಿಲ್ಲ.