ಇನ್ನೂರ ಹದಿನಾಲ್ಕು ಗೋಲುಗಳ ರೋಲಾಂದ್

ಬೆಳಗಿನ ಐದೂವರೆ. ಸೇಂತ್-ಓಡ್ರಿ ಬಂದರಿನ ಮೀನಿನ ಷೆಡ್ಡಿಗೆ ಬೆಳಕಿಗಿಂತ ಮೊದಲು ಚಳಿ ನುಗ್ಗುತ್ತದೆ. ಉದ್ದ ಮೇಜಿನ ಕೊನೆಯಲ್ಲಿ ಅರವತ್ತೊಂದು ವರ್ಷದ ರೋಲಾಂದ್ ಸಾಗೋ ಮಡಚಲಾಗದ ಬಲಗಾಲನ್ನು ಪಕ್ಕಕ್ಕೆ ಚಾಚಿ ನಿಂತಿದ್ದಾರೆ. ಚೂರಿ ಕಾಡ್ ಮೀನಿನ ಬೆನ್ನುಮೂಳೆಗುಂಟ ಸರ್ರನೆ ಸರಿಯುತ್ತದೆ. ಮಾಂಸ ಒಂದು ಕಡೆ, ಮುಳ್ಳು ಒಂದು ಕಡೆ. ದಿನಕ್ಕೆ ನಾಲ್ಕು ನೂರು ಕಿಲೋ.

"ಏ ಮುದುಕಿ, ಕಾಲು ಒಳಗೆ ಎಳ್ಕೊಳೆ! ಯಾರಾದ್ರೂ ಎಡವಿ ಬಿದ್ದಾರು," ಎಂದು ಪಕ್ಕದ ಮೇಜಿನ ಮೊರಿಸೆತ್ ಛೇಡಿಸುತ್ತಾಳೆ.

"ಬೀಳ್ಲಿ ಬಿಡೆ. ಈ ಕಾಲಿಗೆ ಸಿಕ್ಕಿ ಬಿದ್ದೋರು ಫ್ರಾನ್ಸ್ ತುಂಬಾ ಇದಾರೆ."

ಅದು ಬಡಾಯಿಯಲ್ಲ. ಈ ಊರಿನ ಹೆಂಗಸರ ಫುಟ್‌ಬಾಲ್ ತಂಡದ ಸ್ಟ್ರೈಕರ್ ಆಗಿ ಹನ್ನೆರಡು ವರ್ಷಗಳಲ್ಲಿ ಅವರು ಹೊಡೆದದ್ದು ಇನ್ನೂರ ಹದಿನಾಲ್ಕು ಗೋಲು. ಫ್ರಾನ್ಸಿನ ನೀಲಿ ಜೆರ್ಸಿ ತೊಟ್ಟದ್ದು ಐದು ಸಲ.

ಹದಿನಾರಕ್ಕೆ ಶಾಲೆ ಬಿಟ್ಟು ಮೀನಿನ ಡಬ್ಬಿ ಕಾರ್ಖಾನೆ ಸೇರಿದರು. ಅಲ್ಲಿನ ಹುಡುಗಿಯರೇ ಕಟ್ಟಿದ ತಂಡ ಅದು. ಆರು ದಿನ ಕೆಲಸ, ಭಾನುವಾರ ಆಟ. ಮೀನುಗಾರ ಅಪ್ಪ 'ಗಂಡುಬೀರಿ' ಎಂದು ಬೈದವರು ಸಾಯುವತನಕ ಮಗಳ ಒಂದು ಪಂದ್ಯವನ್ನೂ ನೋಡಲಿಲ್ಲ.

"ಎಷ್ಟು ತೊಳೆದ್ರೂ ಮೈಯೆಲ್ಲ ಮೀನು ವಾಸನೆ. ಎದುರು ತಂಡದ ಹುಡುಗೀರು ಮೂಗು ಮುಚ್ಕೊಂಡು ದೂರ ನಿಲ್ಲೋರು. ಒಳ್ಳೇದೇ ಆಯ್ತು, ನನಗೆ ಜಾಗ ಸಿಕ್ತಲ್ಲ!"

ಇಪ್ಪತ್ತೆಂಟನೇ ವಯಸ್ಸಿನಲ್ಲಿ ಕೆಸರು ತುಂಬಿದ ಮೈದಾನದಲ್ಲಿ ಮೊಣಕಾಲು ತಿರುಚಿ ಮುರಿಯಿತು. ಅಲ್ಲಿ ವೈದ್ಯರಿರಲಿಲ್ಲ. ಮೀನಿನ ವ್ಯಾನಿನಲ್ಲಿ, ಖಾಲಿ ಪೆಟ್ಟಿಗೆಗಳ ನಡುವೆ ಮಲಗಿಸಿ ಆಸ್ಪತ್ರೆಗೆ ಒಯ್ದರು. ಐದು ತಿಂಗಳ ಮೇಲೆ ಕುಂಟುತ್ತ ಮರಳಿದಾಗ ತಂಡವೇ ಇರಲಿಲ್ಲ. ಊರಿನ ಫುಟ್‌ಬಾಲ್ ಕ್ಲಬ್ಬು ಅವರ ಮೈದಾನವನ್ನು ಗಂಡಸರ ಎರಡನೇ ತಂಡಕ್ಕೆ ಕೊಟ್ಟಿತ್ತು.

"ಯಾರೂ ಏನೂ ಹೇಳಿರ್ಲಿಲ್ಲ. ಗೇಟಿಗೆ ಬೀಗ ಹಾಕಿತ್ತು. ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಬಂದೆ."

ಕಳೆದ ವಸಂತದಲ್ಲಿ ಕ್ಲಬ್ಬಿಗೆ ನೂರು ವರ್ಷ ತುಂಬಿತು. ರೋಲಾಂದ್ ಅವರಿಗೂ ಆಹ್ವಾನ ಬಂತು. ಲಕೋಟೆಯ ಮೇಲೆ 'ದಿವಂಗತ ಲೂಸ್ಯೆನ್ ಸಾಗೋ ಅವರ ಪತ್ನಿಗೆ' ಎಂದಿತ್ತು. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಗಂಡ ಅದೇ ಕ್ಲಬ್ಬಿನ ಬದಲಿ ಗೋಲ್‌ಕೀಪರ್ ಆಗಿದ್ದರು. ಆಡಿದ್ದು ಹನ್ನೊಂದು ಪಂದ್ಯ. ಕ್ಲಬ್ಬಿನ ಗೋಡೆಯ ಮೇಲೆ ಅವರ ಫೋಟೋ ಇತ್ತು. ಹೆಂಗಸರ ತಂಡದ್ದು ಒಂದೂ ಇರಲಿಲ್ಲ.

ಕ್ಲಬ್ಬಿನ ತರುಣ ಅಧ್ಯಕ್ಷ ಹೂಗುಚ್ಛ ಕೈಗಿಟ್ಟು ಕೇಳಿದ: "ಮದಾಮ್, ನಿಮಗೂ ಫುಟ್‌ಬಾಲ್ ಇಷ್ಟಾನಾ?"

"ಹೂಂ, ಇಷ್ಟಾನೇ," ಎಂದಷ್ಟೇ ಹೇಳಿ ಬಂದರು. ಆ ಹೂವನ್ನು ಗಂಡನ ಸಮಾಧಿಯ ಮೇಲಿಟ್ಟರು.

ತಾನೂ ಆಡಿದವಳೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಚೂರಿ ನಿಲ್ಲುವುದಿಲ್ಲ.

"ಬಾಯಿ ತನಕ ಬಂತು. ಮನೆಗೆ ಬಂದು ಅತ್ಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಲೂಸ್ಯೆನ್ ಆಡಿದ್ದೇ ಹನ್ನೊಂದು ಆಟ, ಪಾಪ. ಅವತ್ತು ಅವನ ದಿನ. ಅದನ್ನ ನಾನ್ಯಾಕೆ ಕಿತ್ಕೊಳ್ಲಿ?"

ಅವರು ಒಳ್ಳೆಯ ಗೋಲ್‌ಕೀಪರ್ ಆಗಿದ್ದರೇ?

"ಒಳ್ಳೆಯವನೇ," ಎನ್ನುತ್ತ ಇನ್ನೊಂದು ಮೀನು ಎಳೆದುಕೊಳ್ಳುತ್ತಾರೆ. "ಮದುವೆಯಾದಾಗಿಂದ ಈ ಕಾಲು ಮುರಿಯೋ ತನಕ ದಿನಾ ಸಂಜೆ ಸಮುದ್ರದ ದಂಡೇಲಿ ಇಬ್ರೂ ಆಡ್ತಿದ್ವಿ. ನಾನು ಒದೆಯೋಳು, ಅವನು ಹಾರೋನು. ಆರು ವರ್ಷದಲ್ಲಿ ನನ್ನ ಒಂದು ಪೆನಾಲ್ಟೀನೂ ಹಿಡೀಲಿಲ್ಲ."