ಸಡಿಲ ಬಿಟ್ಟ ಕೊಂಡಿ

ನಿನ್ನೆ ಅವ್ವನ ಜೊತೆ ಇಳಕಲ್ಲಿನ ದೊಡ್ಡ ಸೀರೆ ಅಂಗಡಿಗೆ ಹೋಗಿದ್ದೆ. ಹೊಸ ಸೀರೆಯ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಮುಂದೆ ಬಂತು.

ಇಳಕಲ್ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸ ಅವ್ವನದು. ಎಳೆ ಜಾರದಿರಲೆಂದು ಬೆರಳ ತುದಿಗೆ ಬೂದಿ ಹಚ್ಚಿಕೊಂಡು ಕೂತಳೆಂದರೆ ನಾನು ಕರೆದರೂ ಕತ್ತು ಎತ್ತುತ್ತಿರಲಿಲ್ಲ.

ಒಮ್ಮೆ, ಅವ್ವನಿಗೆ ಕೂಲಿಗೆ ಕೆಲಸ ಕೊಡುತ್ತಿದ್ದ ಸಾಹುಕಾರರು, ನೇಯ್ದು ಮುಗಿದ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅವಳ ಕಾಲ ಬಳಿ ಎಸೆದರು.

"ಕೊಂಡಿ ಸಡ್ಲ ಬಿಟ್ಟೀದಿ. ಇಂಥಾ ಸೀರಿ ಯಾರು ಉಡ್ತಾರ? ನೀನ ಉಟ್ಗೊ."

ಕೂಲಿಯ ಬದಲು ಆ ಸೀರೆಯೇ ಮನೆಗೆ ಬಂತು. ಮಂದಿಯ ಮದುವೆಗಳಿಗೆ ಅವ್ವ ಅದನ್ನೇ ಉಟ್ಟು ಹೋಗುತ್ತಿದ್ದಳು. ಸಡಿಲ ಕೊಂಡಿ ಯಾರಿಗೂ ಕಾಣದಂತೆ ಅದರ ಮೇಲೆ ಅಂಗೈ ಇಟ್ಟುಕೊಂಡೇ ಕೂರುತ್ತಿದ್ದಳು.

ನಿನ್ನೆ ಅಂಗಡಿಯವನು ಹೆಮ್ಮೆಯಿಂದ ಒಂದು ಸೀರೆ ಬಿಚ್ಚಿದ. "ಮಷೀನಿಂದ ರೀ ಇದು. ಕೈಲೆ ನೇಯ್ದಂಗ ಕಾಣ್ಲಿ ಅಂತ ನಮ್ಮ ಮಾಲಕರು ಕಂಪ್ಯೂಟರಿನ್ಯಾಗ ಒಂದೀಟು ತಪ್ಪು ಹಾಕ್ಸ್ಯಾರ. ಇಲ್ಲಿ ನೋಡ್ರಿ, ಕೊಂಡಿ ಸಡ್ಲ ಬಿಟ್ಟಂಗ ಐತಿ. ದೊಡ್ಡ ಮಂದಿ ಇದನ್ನ ಹುಡುಕ್ಯಾಡಿ ಒಯ್ತಾರ್ರಿ."

ಅವನ ಹಿಂದಿನ ಗೋಡೆಯ ಮೇಲೆ, ಹಾರ ಹಾಕಿದ ಫೋಟೋದಲ್ಲಿ ಅದೇ ಸಾಹುಕಾರರು ನಗುತ್ತಿದ್ದರು. ಅಂಗಡಿ ಈಗ ಅವರ ಮಗನದು.

ಹೇಸಿಗೆಯಾಯಿತು. ಇವರಿಗೆ ಅವ್ವನ ಕೆಲಸವಷ್ಟೇ ಸಾಲಲಿಲ್ಲ, ಅವಳ ತಪ್ಪನ್ನೂ ಕದ್ದು ಮಾರಾಟಕ್ಕಿಟ್ಟಿದ್ದಾರೆ.

ಅವ್ವ ಒಂದು ಕೈಯಿಂದ ಆ ಸೀರೆಯನ್ನು ಸವರಿದಳು. ಇನ್ನೊಂದು ಅಂಗೈ ಹಳೆಯ ರೂಢಿಯಂತೆ ತನ್ನ ಸೆರಗು ಒಡಲಿಗೆ ಕೂಡುವ ಜಾಗದ ಮೇಲೇ ಇತ್ತು.

"ತಮ್ಮಾ," ಎಂದು ಅಂಗಡಿಯವನನ್ನು ಮೆಲ್ಲಗೆ ಕೇಳಿದಳು, "ಈ ಮಷೀನಿಗೆ ಯಾರೂ ಬೈಲಿಲ್ಲೇನು?"