ಪಾಚಿಗೂ ಒಂದು ಮನೆ ಕೊಟ್ಟ ಪದ್ಮಕ್ಕ

ಪದ್ಮಕ್ಕ ನೀರು ಸೋಸುವುದನ್ನು ನೋಡಬೇಕಿತ್ತು. ಕೊಡದ ಬಾಯಿಗೆ ದಪ್ಪನೆಯ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊದಿಸಿ, ಕೂಸಿಗೆ ಎರೆಯುವವರ ಹಾಗೆ ಸಾವಕಾಶ ನೀರು ಸುರಿಯುತ್ತಿದ್ದರು. ಸೋಸಿ ಮುಗಿದ ಮೇಲೆ ಬಟ್ಟೆಯನ್ನು ಹಿಂಡುತ್ತಿರಲಿಲ್ಲ. ಅದನ್ನು ಮಗುಚಿ ಹಿಡಿದು, ಮೇಲೊಂದು ತಂಬಿಗೆ ನೀರು ಹಾಕಿ, ಬಟ್ಟೆಗೆ ಸಿಕ್ಕಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನು ಹಿತ್ತಲ ಬಾವಿಗೇ ತಿರುಗಿ ಬಿಡುತ್ತಿದ್ದರು. ರಬಕವಿಯಲ್ಲಿ ಅವರದು ಸೀರೆ ಅಂಗಡಿ. ಅಂಗಡಿ ತುಂಬ ಬಣ್ಣ ಬಣ್ಣದ ಸೀರೆಗಳಿದ್ದರೂ ಅವರ ಅತಿ ಪ್ರೀತಿಯ ಬಟ್ಟೆ ಅದೇ ಬಿಳಿ ಸೋಸುಬಟ್ಟೆ. ಪರಿಚಯದ ನೇಕಾರರಿಗೆ ಹೇಳಿ ಒತ್ತಾಗಿ ನೇಯಿಸಿಕೊಂಡಿದ್ದರು.

ಬನಹಟ್ಟಿಯಲ್ಲಿ ನನ್ನದು ನೀರು ಶುದ್ಧ ಮಾಡುವ ಯಂತ್ರಗಳ ಅಂಗಡಿ. ಅವರ ಮನೆಗೂ ಒಂದು ಕೂಡಿಸಿದ್ದೆ. ಅದರಿಂದ ಬಂದ ನೀರನ್ನೂ ಅವರು ಬಟ್ಟೆ ಹಿಡಿದು ಸೋಸುವುದನ್ನು ಕಂಡು ತಡೆಯಲಾರದೆ ಹೇಳಿದೆ:

"ಅಕ್ಕಾರ, ಈ ಮಷೀನಿಂದ ಬಂದ ನೀರಾಗ ಏನೂ ಉಳಿಯಂಗಿಲ್ರಿ."

"ಅದನ್ನ ಹೇಳಾಕತ್ತೇನಿ ತಮ್ಮಾ. ನಿನ್ನ ಮಷೀನಿಗೆ ಏನೂ ಉಳಸಾಕ ಬರೂದಿಲ್ಲ."

ಹೀಗೆ ಹೊತ್ತು ಮುಳುಗುವುದರೊಳಗೆ ಉಂಡು, ಉಳ್ಳಾಗಡ್ಡಿ ಬಟಾಟೆ ಮುಟ್ಟದೆ, ನೆಲ ನೋಡಿ ಹೆಜ್ಜೆ ಇಡುವ ಜೈನ ಹೆಣ್ಣುಮಗಳ ಪಡಸಾಲೆಯಲ್ಲಿ ಒಂದು ತುಂಡು ಸಮುದ್ರ ಇತ್ತು ಎಂದರೆ ಯಾರೂ ನಂಬುವುದಿಲ್ಲ. ಮಂಚದಷ್ಟು ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ಕಲ್ಲು, ಕಲ್ಲಿಗೆ ಅಂಟಿಕೊಂಡ ಜೀವಂತ ಹವಳಗಳು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಒಂದಿಷ್ಟು ಶಂಖದ ಹುಳು.

ಅದನ್ನು ತಂದವನು ಅವರ ತಮ್ಮ ಸುಕುಮಾರ. ಗೋವೆಯಲ್ಲಿ ಇಂಥ ತೊಟ್ಟಿಗಳನ್ನು ಮಾಡಿ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮದುವೆಯಾಗಿರಲಿಲ್ಲ. ಮೂತ್ರಪಿಂಡ ಕೆಟ್ಟು ಕೈಲಾಗದೆ ಹೋದಾಗ ಅಕ್ಕನ ಮನೆಗೆ ಬಂದ. ಬರುವಾಗ ಟೆಂಪೋದಲ್ಲಿ ತೊಟ್ಟಿಯನ್ನೂ ಡ್ರಮ್ಮುಗಟ್ಟಲೆ ಸಮುದ್ರದ ನೀರನ್ನೂ ಹೇರಿಕೊಂಡು ಬಂದ.

"ಮನ್ಯಾಗ ಮೀನ ತಂದೀ? ಮಂದಿ ಏನಂದಾರು?" ಎಂದು ಪದ್ಮಕ್ಕ ಬಾಗಿಲಲ್ಲೇ ನಿಂತರಂತೆ.

"ತಿನ್ನಾಕ ಅಲ್ಲಕ್ಕಾ, ನೋಡಾಕ" ಎಂದನಂತೆ ಅವನು.

ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಅವನು ತೊಟ್ಟಿಯ ಮುಂದೆಯೇ ಹಾಸಿಗೆ ಹಾಕಿಸಿಕೊಂಡು ಮಲಗುತ್ತಿದ್ದ. ನಡುವಿನ ಕಲ್ಲಿನ ಮೇಲೆ ಬೆರಳಿನಂಥ ಕುಡಿಗಳನ್ನು ಚಾಚಿ ನೀರಿನ ಓಟಕ್ಕೆ ತೂಗುವ ಒಂದು ಹಸಿರು ಹವಳವಿತ್ತು. "ನೋಡಕ್ಕಾ, ನಿನಗ ಕೈ ಬೀಸಾಕತ್ತೈತಿ" ಎನ್ನುತ್ತಿದ್ದ. ಮೊದಮೊದಲು ಸಿಟ್ಟಾಗುತ್ತಿದ್ದ ಪದ್ಮಕ್ಕ, ಅವನ ಕೊನೆಯ ದಿನಗಳಲ್ಲಿ ಅಂಗಡಿಯಿಂದ ಬಂದವರೇ ಆ ಹವಳಕ್ಕೆ ತಿರುಗಿ ಕೈ ಬೀಸುತ್ತಿದ್ದರಂತೆ, ಅವನು ನಗಲಿ ಎಂದು.

ಸುಕುಮಾರ ತೀರಿಕೊಂಡ ಮೇಲೆ ಬಂಧುಗಳು ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದರು. ಪದ್ಮಕ್ಕ ಒಪ್ಪಲಿಲ್ಲ. "ತಿರುಗಿ ಸಮುದ್ರಕ್ಕ ಬಿಡಾಕ ಬರ್ತೈತೇನು ಅಂತ ಗೋವಾದ ಅಂಗಡಿಯವರಿಗೆ ಕೇಳಿದೆ, ಬರಂಗಿಲ್ಲ ಅಂದ್ರು. ಹಂಗಾದ್ರ ಇರ್ಲಿ ನನ್ನ ಕೂಡ" ಎಂದರು. ಮೀನಿನ ಆಹಾರದ ಡಬ್ಬಿಯ ಮೇಲೆ ಅದು ಮೀನಿನ ಪುಡಿಯಿಂದ ಮಾಡಿದ್ದೆಂದು ಓದಿದ ದಿನ ಮಾತ್ರ ಮುಚ್ಚಳ ಹಾಕಿ ಕೆಳಗಿಟ್ಟರು. ಆಮೇಲೆ ತಿರುಗಿ ತೆರೆದು ಎಂದಿನಂತೆ ಚಿಟಿಕೆ ತೆಗೆದು ಹಾಕಿದರು. "ಅವುಗಳ ಹುಟ್ಟು ಹಂಗೈತಿ. ನನ್ನ ಕೈಲೆ ಆಗಾಕತ್ತೈತಿ, ಅದರ ಪಾಪ ನನ್ನ ಪಾಲಿಗೆ ಇರ್ಲಿ."

ಆಮೇಲೆಯೇ ಪಾಚಿ ಬಂದದ್ದು.

ಮೊದಲು ಕಲ್ಲಿನ ಅಂಚಿಗೆ ಹಸಿರು ನವಿರು ಮೂಡಿತು. ನೋಡನೋಡುತ್ತ ಅದು ಕೂದಲಾಗಿ, ಜಡೆಯಾಗಿ, ಕಲ್ಲೇ ಕಾಣದಂತೆ ಹಬ್ಬಿತು. ಹವಳಗಳು ಒಂದೊಂದಾಗಿ ಮುದುಡಿಕೊಂಡವು. ಸುಕುಮಾರನ ಹವಳವೂ ಕುಡಿಗಳನ್ನು ಒಳಗೆಳೆದುಕೊಂಡು ಬಾಡಿದ ಹೂವಿನ ಹಾಗೆ ಕುಗ್ಗಿತು. ಪದ್ಮಕ್ಕ ನನ್ನನ್ನು ಕರೆಸಿ, "ನೀರಾಗ ಏನ ಐತಿ ನೋಡಿ ಹೇಳು ತಮ್ಮಾ" ಎಂದರು.

ತೊಟ್ಟಿಯ ನೀರು ದಿನವೂ ಅಷ್ಟಷ್ಟು ಆರುತ್ತದೆ. ಸುಕುಮಾರ ಇದ್ದಾಗ ಶುದ್ಧ ಮಾಡಿದ ನೀರನ್ನು ಕ್ಯಾನಿನಲ್ಲಿ ತರಿಸಿ ತುಂಬುತ್ತಿದ್ದನಂತೆ. ಪದ್ಮಕ್ಕ ಭಕ್ತಿಯಿಂದ ಸೋಸಿದ ಬಾವಿ ನೀರು ತುಂಬುತ್ತಿದ್ದರು. ಹಿತ್ತಲ ಗೋಡೆಯಾಚೆಯೇ ಕಬ್ಬಿನ ಗದ್ದೆ. ಪರೀಕ್ಷೆ ಮಾಡಿ ನೋಡಿದರೆ ಬಾವಿ ನೀರಿನಲ್ಲಿ ಗೊಬ್ಬರದ ಅಂಶ ಹೇರಳವಾಗಿತ್ತು.

"ಕಬ್ಬಿಗೆ ಹಾಕಿದ ಯೂರಿಯಾ ಬಾವಿಗೆ ಇಳದೈತ್ರಿ ಅಕ್ಕಾರ. ಅದನ್ನ ಉಂಡ ಈ ಹಾವಸಿ ಬೆಳ್ಯಾಕತ್ತೈತಿ."

"ಅಂದ್ರ ಹಾವಸಿಗೆ ನಾನ ದಿನಾ ಉಣಸೇನಿ" ಎಂದರು. ನಮ್ಮ ಕಡೆ ಪಾಚಿಗೆ ಹಾವಸಿ ಎನ್ನುತ್ತಾರೆ. ಮೀನುಗಳಿಗೂ ಮಮತೆಯಿಂದ ಹೆಚ್ಚೇ ಹಾಕುತ್ತಿದ್ದರು. ಉಳಿದದ್ದು ಕೊಳೆತು ಪಾಚಿಗೇ ಹೋಗುತ್ತಿತ್ತು. ಮನೆಯ ಮಷೀನು ಕುಡಿಯುವ ನೀರಿಗಷ್ಟೇ ಸಾಕು, ತೊಟ್ಟಿಗೆ ಸಾಲದು; ಅಂದಿನಿಂದ ಉಪ್ಪು, ಗೊಬ್ಬರ ಏನೂ ಇಲ್ಲದ ನೀರನ್ನು ಅಂಗಡಿಯಿಂದ ನಾನೇ ಕೊಡತೊಡಗಿದೆ. ಊರೆಲ್ಲ ನನ್ನ ಬಳಿ ಸಿಹಿ ನೀರು ಬೇಕೆಂದು ಬಂದರೆ ಇವರೊಬ್ಬರು ರುಚಿಯೇ ಇಲ್ಲದ ನೀರಿಗೆ ಕಾಯುತ್ತಿದ್ದರು. ದೀಪ ಉರಿಸುವ ಹೊತ್ತನ್ನೂ ಮೀನಿನ ಆಹಾರವನ್ನೂ ಕಡಿಮೆ ಮಾಡಿದೆವು. ಆದರೂ ಬೇರೂರಿದ್ದ ಪಾಚಿ ಜಗ್ಗಲಿಲ್ಲ.

ಗೋವೆಯ ಅಂಗಡಿಯವರು ಪಾಚಿ ಕೊಲ್ಲುವ ಔಷಧದ ಬಾಟಲಿಯೊಂದನ್ನು ಕಳಿಸಿದರು. ಪದ್ಮಕ್ಕ ಅದರ ಮುಚ್ಚಳ ತೆಗೆಯಲಿಲ್ಲ. ಮಳೆಗಾಲದಲ್ಲಿ ಹಿತ್ತಲ ಕಲ್ಲಿನ ಮೇಲಿನ ಹಸಿರನ್ನೂ ತುಳಿಯದೆ ದಾಟುವವರು ಅವರು.

"ಹಾವಸಿಯೊಳಗ ಲೆಕ್ಕ ಇಲ್ಲದಷ್ಟ ಜೀವ ಅದಾವ ಅಂತ ನಮ್ಮೊಳಗ ಹೇಳ್ತಾರ. ನಾ ಹೆಂಗ ಹಾಕ್ಲಿ?"

"ಹಾಕಲಿಲ್ಲಂದ್ರ ಹವಳ ಸಾಯ್ತೈತ್ರಿ."

ಅವರು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ತೊಟ್ಟಿಯ ಕಡೆ ನೋಡುತ್ತ ನಿಂತರು.

ಮುಂದೆ ನಾನು ಹೋದಾಗ ಅವರು ಸ್ಟೂಲಿನ ಮೇಲೆ ನಿಂತು, ರಟ್ಟೆಯವರೆಗೆ ಕೈ ಮುಳುಗಿಸಿ, ಪಾಚಿಯನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ತಲೆಯ ಸಿಕ್ಕು ಬಿಡಿಸಿದ ಹಾಗೆ. ಬಿಡಿಸಿದ್ದನ್ನು ಚೆಲ್ಲದೆ, ಕಿಟಕಿಯ ಬಳಿ ಉಪ್ಪುನೀರು ತುಂಬಿಟ್ಟ ಟಬ್ಬಿಗೆ ಬಿಡುತ್ತಿದ್ದರು. ಅಂಗಡಿಗೆ ಹೋಗುವ ಮುಂಚೆ ದಿನವೂ ಇದೇ ಕೆಲಸ. ಸೀರೆ ತೋರಿಸುವಾಗ ಬೆರಳ ತುದಿಗಳು ಸುಕ್ಕಾಗಿ ಬೆಳ್ಳಗಿರುವುದನ್ನು ಗಿರಾಕಿಗಳು ಕೇಳಿದರೆ, "ಮನ್ಯಾಗ ಒಂದು ಕೂಸು ಐತ್ರಿ" ಎಂದುಬಿಡುತ್ತಿದ್ದರು.

ತೊಟ್ಟಿಯಲ್ಲಿ ಕಿತ್ತಷ್ಟೂ ಪಾಚಿ ಬೆಳೆಯಿತು. ಟಬ್ಬಿನಲ್ಲಿ ಬಿಸಿಲು ಬಿದ್ದು ಇನ್ನೂ ಹುಲುಸಾಗಿ ಬೆಳೆಯಿತು. ಒಂದು ಬೆಳಿಗ್ಗೆ ಸುಮ್ಮನೆ ಟಬ್ಬಿನ ನೀರನ್ನೂ ಪರೀಕ್ಷೆ ಮಾಡಿದೆ. ಆಶ್ಚರ್ಯವಾಯಿತು. ಅದರಲ್ಲಿ ಗೊಬ್ಬರದ ಅಂಶ ಹೆಸರಿಗೂ ಉಳಿದಿರಲಿಲ್ಲ. ಪಾಚಿ ಪೂರ್ತಿ ಹೀರಿಕೊಂಡಿತ್ತು. ಪದ್ಮಕ್ಕನಿಗೆ ಹೇಳಿದೆ. ಅವರು ತೊಟ್ಟಿಯನ್ನೂ ಟಬ್ಬನ್ನೂ ಬದಲಿಸಿ ಬದಲಿಸಿ ನೋಡಿದರು.

"ಅಂದ್ರ ಇಲ್ಲಿದ್ದದ್ದು ಮೊದಲ ಉಂಡು ಮುಗಿಸಿದ್ರ, ಅಲ್ಲಿದ್ದದ್ದಕ್ಕ ಏನೂ ಸಿಗಂಗಿಲ್ಲ?"

"ಹೌದ್ರಿ."

"ಹಂಗಾದ್ರ ಹಾವಸಿಗೆ ಒಂದು ಬ್ಯಾರೆ ಮನಿ ಮಾಡಿ ಕೊಡೂನು. ಅಲ್ಲೇ ಉಣ್ಣಲಿ, ಅಲ್ಲೇ ಬೆಳೀಲಿ. ಇಲ್ಲಿಗೆ ಯಾಕ ಬರ್ತೈತಿ?"

ಗೋವೆಗೆ ಫೋನು ಮಾಡಿ ಕೇಳಿದರೆ, ಹಾಗೂ ಮಾಡುವವರಿದ್ದಾರೆ, ತಾಳ್ಮೆ ಬೇಕು ಅಷ್ಟೆ ಎಂದರು. ಕಿಟಕಿಯ ಕೆಳಗೆ ಸಣ್ಣದೊಂದು ತೊಟ್ಟಿ ಇಟ್ಟು, ಮೇಲೊಂದು ದೀಪ ಕಟ್ಟಿ, ದೊಡ್ಡ ತೊಟ್ಟಿಯ ನೀರು ಅದರೊಳಗೆ ಹಾದು ತಿರುಗಿ ಬರುವಂತೆ ಪಂಪು, ಪೈಪು ಜೋಡಿಸಿದೆ. ಮೊದಲ ಸಲ ಪೈಪು ಕಳಚಿ ಪಡಸಾಲೆಯೆಲ್ಲ ಉಪ್ಪುನೀರಾಯಿತು. ಇಬ್ಬರೂ ನೆಲ ಒರೆಸುತ್ತಿದ್ದಾಗ ಅವರು, "ಗೋವಾಕ್ಕ ನಾ ಹೋಗಿರಲಿಲ್ಲ. ನೀನ ಗೋವಾ ಮನಿಗೆ ತಂದಿ" ಎಂದು ನಕ್ಕರು. ತಮ್ಮ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಸಣ್ಣ ತೊಟ್ಟಿಯಲ್ಲಿ ಪಾಚಿ ಹೊಲದ ಹಾಗೆ ಬೆಳೆದು, ದೊಡ್ಡ ತೊಟ್ಟಿಯದು ಬಣ್ಣಗೆಟ್ಟು, ಸಡಿಲವಾಗಿ, ಕೈ ತಾಕಿದರೆ ಕಳಚಿ ಬರತೊಡಗಿತು. ಶಂಖದ ಹುಳುಗಳು ಉಳಿದದ್ದನ್ನು ಮೇಯ್ದವು. ಕಲ್ಲು ಕಂಡಿತು. ಒಂದು ದಿನ ಅಂಗಡಿಯಲ್ಲಿದ್ದಾಗ ಪದ್ಮಕ್ಕನ ಫೋನು ಬಂತು.

"ಬಿಚ್ಚೇತಿ ತಮ್ಮಾ" ಎಂದರು. 

ಹೋಗಿ ನೋಡಿದರೆ ಸುಕುಮಾರನ ಹವಳ ಕುಡಿಗಳನ್ನೆಲ್ಲ ಚಾಚಿ ತೂಗುತ್ತಿತ್ತು. ಅಕ್ಕ ಗಾಜಿಗೆ ಅಂಗೈ ಆನಿಸಿ ಕುಳಿತಿದ್ದರು.

ಎಲ್ಲವೂ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಸಣ್ಣ ತೊಟ್ಟಿಯ ಪಾಚಿ ಕಿಕ್ಕಿರಿದಾಗ ಅಷ್ಟಿಷ್ಟು ತೆಗೆದು ಹೊರಹಾಕಲೇಬೇಕಿತ್ತು. ಇಲ್ಲದಿದ್ದರೆ ಅದೇ ಕೊಳೆತು ನೀರು ಕೆಡುತ್ತಿತ್ತು. ನಾನು ತೆಗೆಯುತ್ತೇನೆ ಎಂದೆ. ಅವರು ಬಿಡಲಿಲ್ಲ. ತಾವೇ ತೆಗೆದು, ಹಿತ್ತಲ ಮರದ ನೆರಳಿನಲ್ಲಿ ಇಟ್ಟು ಬಂದು, ಆ ದಿನ ಒಂದು ಹೊತ್ತು ಉಪವಾಸ ಮಾಡುತ್ತಿದ್ದರು. "ತಪ್ಪಿಲ್ಲ ಅಂತ ನೀ ಹೇಳಬ್ಯಾಡ. ತೆಗೀಬೇಕಾತು, ತೆಗದೆ" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅಂಗಡಿಯನ್ನು ಮೈದುನರಿಗೆ ಒಪ್ಪಿಸಿ ಪದ್ಮಕ್ಕ ದೀಕ್ಷೆ ತೆಗೆದುಕೊಂಡರು. ಗಂಡ ತೀರಿಕೊಂಡಾಗಿನಿಂದಲೂ ಮನಸ್ಸಿನಲ್ಲಿತ್ತಂತೆ. ಮೊದಲು ತಮ್ಮನಿಗಾಗಿ, ಆಮೇಲೆ ತೊಟ್ಟಿಗಾಗಿ ಮುಂದೂಡಿದ್ದರು. ತೊಟ್ಟಿಗಳೆರಡೂ ನನ್ನ ಅಂಗಡಿಗೆ ಬಂದವು. ಕೊಡುವಾಗ ಗಾಜನ್ನೊಮ್ಮೆ ಸೆರಗಿನಿಂದ ಒರೆಸಿದರು, ಅಷ್ಟೆ.

ಹೋದ ದೀಪಾವಳಿಯ ನಂತರ, ಸಾಧ್ವಿಯರ ಸಂಘವೊಂದು ಕಾಲ್ನಡಿಗೆಯಲ್ಲಿ ಬಂದು ಜಮಖಂಡಿಯ ಹೊರಗಿನ ಶಾಲೆಯೊಂದರಲ್ಲಿ ತಂಗಿದೆ, ಅದರಲ್ಲಿ ಅವರೂ ಇದ್ದಾರೆ ಎಂದು ತಿಳಿದು ಹೋದೆ. ಬಿಳಿ ಸೀರೆ, ಕೈಯಲ್ಲಿ ಹುಳುಹುಪ್ಪಟೆಯನ್ನು ನೋಯದಂತೆ ಸರಿಸುವ ನವಿಲುಗರಿಯ ಪಿಂಛಿ, ಬರಿಗಾಲು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಇನ್ನು ಅಕ್ಕಾರ ಎನ್ನುವಂತಿಲ್ಲ. "ವಂದಾಮಿ ಮಾತಾಜಿ" ಎಂದು ಮಂದಿಯ ನಡುವೆ ಕುಳಿತೆ. ನನ್ನ ಅಂಗಡಿಯಲ್ಲಿ ಸುಕುಮಾರನ ಹವಳ ಬುಡದಲ್ಲಿ ಸೀಳಿ ಪಕ್ಕದಲ್ಲೊಂದು ಮರಿ ಬಿಟ್ಟಿತ್ತು; ಆದರೂ ಬಿಟ್ಟು ಹೋದದ್ದರ ಸುದ್ದಿಯನ್ನು ಅವರ ಮುಂದೆ ಎತ್ತಬಾರದೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಎತ್ತಲಿಲ್ಲ.

ಅವರು ಕೈಯೆತ್ತಿ ಹರಸಿದರು. ಸಂಘ ಹೊರಡುವ ಹೊತ್ತಾಯಿತು. ಎದ್ದು ನನ್ನ ಮುಂದೆ ಹಾಯುವಾಗ ಒಂದು ಕ್ಷಣ ನಿಂತು, ನೆಲ ನೋಡುತ್ತಲೇ ಮೆಲ್ಲಗೆ ಕೇಳಿದರು: "ಎಲ್ಲಾರೂ ಆರಾಮ?"

"ಎಲ್ಲಾರೂ ಆರಾಮ್ರಿ" ಎಂದೆ. ನಾಲಿಗೆ ತಡೆಯಲಿಲ್ಲ. "ಒಂದಿದ್ದದ್ದು ಈಗ ಎರಡ ಆಗೇತ್ರಿ."

ನನ್ನ ಪಕ್ಕದಲ್ಲಿದ್ದ ಮುದುಕರು ಸಂತೋಷದಿಂದ ನನ್ನ ಬೆನ್ನು ತಟ್ಟಿ ಕೇಳಿದರು, "ಛಲೋ ಆತು ಬಿಡಪಾ! ಗಂಡೋ, ಹೆಣ್ಣೋ?"

 ಮಾತಾಜಿ ಮುಖ ಆಚೆ ತಿರುಗಿಸಿಕೊಂಡರು. ಪಿಂಛಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದರೂ ನಗುವಿಗೆ ಅವರ ಭುಜಗಳು ಕುಲುಕುತ್ತಿದ್ದವು. ಹಾಗೆ ನಗುತ್ತಲೇ ಮುಧೋಳದ ರಸ್ತೆಗೆ ಇಳಿದರು.